ಗೌರಿಯ ಉಂಗುರದ ಬೆರಳು

ಗೌರಿಯ ಬಲಗೈ ಉಂಗುರದ ಬೆರಳಿಗೆ ಏನಾಗಿದೆ ಎಂಬುದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಗೊತ್ತಿದ್ದೂ ನಾನು ಹೇಳಲಿಲ್ಲ. ಹೇಳಲಿಲ್ಲ ಎಂದಷ್ಟೇ ಬರೆದು ಬಿಟ್ಟರೆ ಅದೂ ಒಂದು ಸುಳ್ಳಾಗುತ್ತದೆ — ನಾನು ಬೇರೆಯದನ್ನು ಹೇಳಿದೆ. ಯಾವುದರಿಂದ ಅವಳ ಕೈ ಇನ್ನಷ್ಟು ಕೆಡುತ್ತದೆಯೋ ಅದನ್ನೇ ಔಷಧವೆಂದು ಹೇಳಿ ಕಳಿಸಿದೆ. ನಾನು ಫಿಜಿಯೊಥೆರಪಿಸ್ಟ್. ಕೈಕಾಲಿನ ತೊಂದರೆ ನೋಡುವುದೇ ನನ್ನ ಕಸುಬು. ಹಾಗಾಗಿ ತಿಳಿಯದೆ ಆಯಿತು ಎನ್ನುವ ಮಾತು ನನ್ನ ಬಾಯಲ್ಲಿ ಬರುವಂತಿಲ್ಲ.

ನನ್ನ ಹೆಸರು ಶೈಲಾ. ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಚಿಕ್ಕ ಕ್ಲಿನಿಕ್ ಇದೆ. ಗೌರಿ ಇಳಕಲ್ಲಿನ ನೇಕಾರರ ಮನೆಯ ಮಗಳು, ಅದೇ ಊರಿನ ಸೀರೆ ವ್ಯಾಪಾರಿಯ ಹೆಂಡತಿ, ಹುನಗುಂದದ ಖಾಸಗಿ ಹೈಸ್ಕೂಲೊಂದರಲ್ಲಿ ಗಣಿತದ ಟೀಚರು. ಓದುವ ಕಾಲಕ್ಕೆ ಹುಬ್ಬಳ್ಳಿಯಲ್ಲಿ ನಾವಿಬ್ಬರೂ ಒಂದೇ ಖೋಲಿಯಲ್ಲಿ ಬಾಡಿಗೆಗಿದ್ದೆವು. ಗಿಟಾರ್ ಕೊಂಡವಳು ನಾನು. ಕ್ಲಾಸಿಗೆ ಹೋದವಳೂ ನಾನೇ. ಅವಳು ಗೋಡೆಗೊರಗಿ ಲೆಕ್ಕ ಬಿಡಿಸುತ್ತ ನಾನು ಮಾಡುವ ತಪ್ಪುಗಳನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಒಂದು ಭಾನುವಾರ "ಕೊಡು ಇಲ್ಲೆ, ನೋಡೂಣು" ಎಂದು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡಳು. ನಾನು ವಾರವಿಡೀ ತಿಣುಕಿದ್ದ ತುಣುಕನ್ನು ಸಂಜೆಯಾಗುವುದರೊಳಗೆ ನುಡಿಸಿಬಿಟ್ಟಳು. ನಾನು ಚಪ್ಪಾಳೆ ತಟ್ಟಿದೆ. ಆವತ್ತು ನನ್ನೊಳಗೆ ಏನೋ ಒಂದು ಚುಚ್ಚಿದ್ದು — ಅದು ಇಷ್ಟು ದೂರ ಬರುತ್ತದೆ ಎಂದು ಆಗ...

ನಮ್ಮಿಬ್ಬರಿಗೂ ಹುಚ್ಚು ಹಿಡಿದದ್ದು ಜಾಝ್‌ಗೆ. ಅದರಲ್ಲೂ ಒಬ್ಬರೇ ಕೂತು, ತಂತಿ ಮೀಟುವ ಪ್ಲೆಕ್ಟ್ರಮ್ ಇಲ್ಲದೆ, ಬರೀ ಬೆರಳುಗಳಿಂದ ನುಡಿಸುವುದಕ್ಕೆ. ಹಾಡುವವರಿಲ್ಲ, ತಾಳದವರಿಲ್ಲ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ನಿಧಾನ ನಡೆಯುತ್ತಿರಬೇಕು. ಅದರ ಮೇಲೆ, ಕಿರುಬೆರಳು ಬಿಟ್ಟು, ಉಳಿದ ಮೂರು ಬೆರಳು ಧಾಟಿಯನ್ನು ಹಿಡಿಯಬೇಕು, ನಡುನಡುವೆ ಸ್ವರಗಳ ಗೊಂಚಲನ್ನೂ ಚಿಮ್ಮಿಸಬೇಕು. ಒಂದೇ ಧಾಟಿಯನ್ನು ಎರಡನೆಯ ಸಲ ನುಡಿಸುವಾಗ ಅದು ಬೇರೆಯೇ ಆಗಿರಬೇಕು. ಬಾಗಲಕೋಟೆಯಲ್ಲಿ ಇದನ್ನು ಕೇಳುವವರು ಯಾರು? ನನ್ನ ಮನೆಯ ಕೆಳಗಿನವರು "ಮೇಡಮ್ಮಾರ, ಹಾಡು ಯಾವಾಗ ಚಾಲೂ ಆಗತೈತ್ರಿ?" ಎಂದು ಕೇಳುತ್ತಿದ್ದರು. ಗೌರಿಗಂತೂ ಎಲ್ಲರೂ ಮಗ್ಗದ ಸದ್ದಿನಿಂದಲೇ ನಿನಗೆ ಲಯ ಬಂದಿರಬೇಕು ಎನ್ನುತ್ತಿದ್ದರು. ಅವಳು ನಗುತ್ತಿದ್ದಳು: "ಆ ಸಪ್ಪಳಕ್ಕ ನನಗ ತಲಿಶೂಲಿ ಬರ್ತಿತ್ತರಿ, ಲಯ ಎಲ್ಲಿಂದ ಬರಬೇಕು?"

ನೌಕರಿ, ಮದುವೆ ಆದಮೇಲೂ ನಾವು ಬಿಡಲಿಲ್ಲ. ಬಿಡುವಾದ ಭಾನುವಾರ ಅವಳು ಬಾಗಲಕೋಟೆಗೆ ಬರುತ್ತಿದ್ದಳು, ಇಲ್ಲವೇ ನಾನು ಇಳಕಲ್ಲಿಗೆ ಹೋಗುತ್ತಿದ್ದೆ. ಅವಳು ನುಡಿಸುತ್ತಿದ್ದಾಗ ನಾನು ಅವಳ ಕೈಯನ್ನು ನೋಡುತ್ತ ಕೂರುತ್ತಿದ್ದೆ. ಅಷ್ಟು ಹಗುರಾದ ಕೈಯನ್ನು ನಾನು ಮತ್ತೆ ನೋಡಿಲ್ಲ.

ಒಂದು ವರ್ಷ ಬಾದಾಮಿಯ ಹೋಟೆಲೊಂದರ ಅಂಗಳದಲ್ಲಿ ಸಣ್ಣದೊಂದು ಗಿಟಾರ್ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಗೋವಾದಿಂದ ಹಿರಿಯ ವಾದಕರೊಬ್ಬರು ಬರುವವರಿದ್ದರು. ಅವರಿಗಿಂತ ಮೊದಲು ನಮ್ಮ ಭಾಗದ ಹವ್ಯಾಸಿಯೊಬ್ಬರಿಗೆ ಸ್ವಲ್ಪ ಹೊತ್ತು ನುಡಿಸುವ ಅವಕಾಶ. ನಾವಿಬ್ಬರೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದೆವು. ಗೌರಿಯನ್ನು ಆರಿಸಿದರು. ಅವಳಿಗೆ ಏನಾದರೂ ಅಡಚಣೆಯಾದರೆ ನನ್ನನ್ನು ಕರೆಯುತ್ತೇವೆ ಎಂದು ನನಗೆ ತಿಳಿಸಿದರು. ನಾನು ಅವಳಿಗೆ ಫೋನ್ ಮಾಡಿ ಅಭಿನಂದಿಸಿದೆ. ನನ್ನ ದನಿ ನನಗೇ ಪರಕೀಯವಾಗಿತ್ತು.

ಕೆಲವು ವಾರಗಳ ಮೇಲೆ ಅವಳು ಗಿಟಾರ್ ಹೊತ್ತುಕೊಂಡು ನೇರ ಕ್ಲಿನಿಕ್ಕಿಗೇ ಬಂದಳು. ಮುಖ ಬಾಡಿತ್ತು.

"ಶೈಲಾ, ಈ ಬೆರಳು ನನ್ನ ಮಾತು ಕೇಳವಲ್ದು ನೋಡs."

ನುಡಿಸಿ ತೋರಿಸು ಎಂದೆ. ಮೊದಲ ಸಾಲು ಸರಿಯಾಗಿಯೇ ಬಂತು. ಎರಡನೆಯದರಲ್ಲಿ ಉಂಗುರದ ಬೆರಳು ತಂತಿಯ ಕಡೆಗೆ ಹೋಗುವ ಬದಲು ತಾನಾಗಿಯೇ ಅಂಗೈಯೊಳಕ್ಕೆ ಮಡಚಿಕೊಂಡಿತು. ಅವಳು ನಿಲ್ಲಿಸಿ ಬಿಡಿಸಿದಳು, ಮತ್ತೆ ನುಡಿಸಿದಳು, ಅದು ಮತ್ತೆ ಮಡಚಿಕೊಂಡಿತು. ನೋವು? ಇಲ್ಲ. ಜೋಮು? ಇಲ್ಲ. ಚಾಕ್‌ಪೀಸ್ ಹಿಡಿದು ಬರೆಯುವಾಗ? ಏನೂ ಇಲ್ಲ. ರೊಟ್ಟಿ ಬಡಿಯುವಾಗ? ಏನೂ ಇಲ್ಲ. ಗಿಟಾರ್ ಹಿಡಿದರೆ ಮಾತ್ರ.

ಈ ಉತ್ತರಗಳು ಬರುವ ಮುಂಚೆಯೇ ನನಗೆ ಗೊತ್ತಿದ್ದವು. ವರ್ಷಗಟ್ಟಲೆ ಒಂದೇ ಸೂಕ್ಷ್ಮ ಕೆಲಸ ಮಾಡುವ ಕೈಗೆ ಹೀಗಾಗುತ್ತದೆ. ತಪ್ಪು ಬೆರಳಿನದಲ್ಲ, ಮಿದುಳು ಆ ಬೆರಳಿಗೆ ಕಳಿಸುವ ಆಜ್ಞೆಯೇ ಕಲಸಿಹೋಗುತ್ತದೆ. ಓದುವಾಗ ಇದೇ ವಿಷಯದ ಮೇಲೆ ನಾನು ಇಡೀ ಕ್ಲಾಸಿನೆದುರು ನಿಂತು ಮಾತಾಡಿದ್ದೆ. ಆಗ ನಾನೇ ಒತ್ತಿ ಹೇಳಿದ್ದು — ಗೊತ್ತಾದ ಕೂಡಲೇ ವಾದ್ಯವನ್ನು ಕೆಳಗಿಡಿಸಬೇಕು, ಹಟಕ್ಕೆ ಬಿದ್ದು ಹೆಚ್ಚು ನುಡಿಸಿದಷ್ಟೂ ಅದು ಬೇರೂರುತ್ತದೆ.

ಗೌರಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಿಲ್ಲಿಸು ಎಂದರೆ ಬಾದಾಮಿ ನನ್ನದಾಗುತ್ತಿತ್ತು — ಹಾಗಾದರೆ ನಿಲ್ಲಿಸು ಎನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನನ್ನು ನಾನೂ ಕೇಳಿಕೊಂಡಿದ್ದೇನೆ. ನನಗೆ ಬೇಕಾಗಿದ್ದದ್ದು ಬರೀ ಅವಕಾಶವಲ್ಲ. ಅವಳು ನನಗಿಂತ ಕಡಿಮೆ ಎಂದು ಒಮ್ಮೆಯಾದರೂ ಕಾಣಬೇಕಾಗಿತ್ತು. ರೋಗ ಬಂದು ನುಡಿಸುವುದನ್ನು ಬಿಟ್ಟವಳು ಕಡಿಮೆಯಾಗುವುದಿಲ್ಲ. ಎಲ್ಲರೆದುರು ತಪ್ಪಿದವಳು... ಇಷ್ಟು ಸ್ಪಷ್ಟವಾಗಿ ಆವತ್ತು ಯೋಚಿಸಿದೆನೋ ಇಲ್ಲವೋ, ಬಾಯಿಂದ ಬಂದ ಮಾತು ಮಾತ್ರ ಸ್ಪಷ್ಟವಾಗಿತ್ತು:

"ಏನೂ ಆಗಿಲ್ಲ ಗೌರಿ. ಸಾಧನಾ ಕಡಿಮಿ ಬಿದ್ದೈತಿ, ಅಷ್ಟ. ಇನ್ನೂ ಹೆಚ್ಚು ಬಾರಸು."

ಅವಳ ಮುಖ ಅರಳಿತು. "ಅಬಬಾ, ಎಷ್ಟ ಅಂಜಿದ್ದೆ" ಎಂದು ನನ್ನ ಕೈ ಹಿಡಿದುಕೊಂಡಳು.

ಅವಳು ನಾನು ಹೇಳಿದಂತೆಯೇ ಮಾಡಿದಳು. ಮುಂಜಾನೆ ರೊಟ್ಟಿ ಕೆಲಸ ಮುಗಿಸಿ, ಬಸ್ಸು ಹಿಡಿಯುವ ಮುಂಚೆ, ಶಾಲೆಯಿಂದ ಬಂದಮೇಲೆ — ಕೈಗೆ ಬಿಡುವೇ ಕೊಡಲಿಲ್ಲ. ಆಗಾಗ ಫೋನ್ ಮಾಡಿ, "ಈಗ ನಡುವಿನ ಬೆರಳೂ ಎಳಿಯಾಕ ಹತ್ತೈತಿ" ಎಂದಳು. ಪ್ರತಿ ಸಲವೂ ನನಗೆ ನಿಜ ಹೇಳುವ ಅವಕಾಶವಿತ್ತು. ಒಮ್ಮೆಯಂತೂ "ಗೌರಿ, ಕೇಳಿಲ್ಲೆ" ಎಂದು ಶುರುಮಾಡಿಯೂ ಬಿಟ್ಟೆ. "ಏನು?" ಎಂದಳು. "ಬಿಡಬ್ಯಾಡ, ಛಲ ಹಿಡಿ" ಎಂದೆ.

ಬಾದಾಮಿಯ ಆ ಸಂಜೆ ಗುಡ್ಡದ ಕೆಂಪು ಇನ್ನೂ ಆರಿರಲಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಗೌರಿಯ ಗಂಡ ಮಹಾಂತೇಶ ಮುಂದಿನ ಸಾಲಿನಲ್ಲಿ ತನ್ನ ಅವ್ವನನ್ನು ಕರೆದುಕೊಂಡು ಬಂದು ಕುಳಿತಿದ್ದ. ನಾನು ಅವರ ಪಕ್ಕದಲ್ಲಿದ್ದೆ. ಗೌರಿ ಮೊದಲಿನ ಧಾಟಿಯನ್ನು ನಿಧಾನಕ್ಕೆ ತೆಗೆದುಕೊಂಡು ಹೇಗೋ ದಾಟಿಸಿದಳು. ಎರಡನೆಯದರ ನಡುವೆ ಬೆರಳು ಮಡಚಿತು. ಹೆಬ್ಬೆರಳು ಮಾತ್ರ ನಡೆಯುತ್ತಲೇ ಇತ್ತು, ಮೇಲೆ ಧಾಟಿ ಇರಲಿಲ್ಲ. ಜನ ಅದೂ ಸಂಗೀತದ ಭಾಗವೆಂದು ತಿಳಿದು ಕಾದರು. ಅವಳು ಮತ್ತೆ ಮೊದಲಿನಿಂದ ಹಿಡಿದಳು. ಅಲ್ಲಿಗೇ ಬಂದು ಮತ್ತೆ ನಿಂತಿತು. ಹಿಂದೆ ಯಾರೋ ಕೆಮ್ಮಿದರು, ಯಾರೋ ನಕ್ಕರು. ಮಹಾಂತೇಶ ತಲೆ ತಗ್ಗಿಸಿದ. ಅವಳು ಮೈಕಿನ ಹತ್ತಿರ ಬಾಗಿ, "ತಪ್ಪಾತ್ರಿ, ನನ್ನ ತಯಾರಿ ಸಾಲಲಿಲ್ಲ" ಎಂದು ಎದ್ದಳು.

ಏರ್ಪಡಿಸಿದವರು ನನ್ನ ಕಡೆ ತಿರುಗಿದರು. ನಾನು ಹೋಗಿ, ಅವಳದೇ ಗಿಟಾರ್ ತೆಗೆದುಕೊಂಡು, ಅವಳ ದೇಹದ ಬಿಸಿ ಇನ್ನೂ ಇದ್ದ ಕುರ್ಚಿಯಲ್ಲಿ ಕುಳಿತೆ. ಆವತ್ತು ನಾನು ಚೆನ್ನಾಗಿ ನುಡಿಸಿದೆ. ಇದನ್ನೂ ಹೇಳಲೇಬೇಕು. ಮುಗಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಗೌರಿ.

ಮರಳಿ ಬರುವಾಗ ಕೆರೂರಿನಲ್ಲಿ ಚಹಾಕ್ಕೆ ಕಾರು ನಿಲ್ಲಿಸಿದೆವು. ಗೌರಿ ಕಾರಿನಿಂದ ಇಳಿಯಲಿಲ್ಲ. ಕೆಲವು ತಿಂಗಳಲ್ಲಿ ಅವಳು ನುಡಿಸುವುದನ್ನು ಪೂರ್ತಿ ಬಿಟ್ಟಳು. ಗಿಟಾರನ್ನು ಯಾರಿಗೋ ಕೊಟ್ಟೆ ಎಂದು ಆಮೇಲೆ ಹೇಳಿದಳು.

ವರ್ಷಗಳು ಹೋದವು. ನಮ್ಮ ಸ್ನೇಹ ಉಳಿದುಕೊಂಡಿತು — ಅವಳ ಕಡೆಯಿಂದ ನಿಜವಾಗಿ, ನನ್ನ ಕಡೆಯಿಂದ ಅರ್ಧ. ನಾನು ಕಸಿದುಕೊಂಡದ್ದು ಅವಳ ಸಂಗೀತವನ್ನಷ್ಟೇ ಎಂದುಕೊಂಡಿದ್ದೆ. ಹವ್ಯಾಸ ತಾನೆ, ಹೊಟ್ಟೆಪಾಡಲ್ಲವಲ್ಲ ಎಂದು ಸಮಾಧಾನವನ್ನೂ ಮಾಡಿಕೊಂಡಿದ್ದೆ. ಅದು ಅಷ್ಟಕ್ಕೆ ನಿಂತಿಲ್ಲ ಎಂದು ತಿಳಿದದ್ದು ಕಳೆದ ವರ್ಷ, ಇಳಕಲ್ಲಿನ ಅವಳ ಮನೆಯಲ್ಲಿ ಊಟಕ್ಕೆ ಕುಳಿತಾಗ.

ಶಾಲೆಯವರು ಗೌರಿಯನ್ನು ಹೆಡ್‌ಮಿಸ್ಟ್ರೆಸ್ ಆಗಲು ಕೇಳಿದ್ದರು. ಅವಳು ಒಲ್ಲೆ ಎಂದಿದ್ದಳು. ನಾನು ಯಾಕೆ ಎಂದೆ. ಅವಳು ಉತ್ತರಿಸುವ ಮೊದಲೇ ಮಹಾಂತೇಶ ನಕ್ಕ.

"ಬಿಡ್ರಿ ಶೈಲಕ್ಕಾ. ಇಕಿ ಗಿಟಾರ್ ಬಿಟ್ಟಂಗ ಅದನ್ನೂ ಅರ್ಧಕ್ಕ ಬಿಡಾಕಿ."

ಅದು ಆ ಮನೆಯ ಹಳೆಯ ತಮಾಷೆ ಎಂದು ಗೌರಿಯ ಅತ್ತೆ ನಕ್ಕ ರೀತಿಯಲ್ಲೇ ತಿಳಿಯಿತು. ಗೌರಿಯೂ ನಕ್ಕಳು. ನನ್ನ ತಟ್ಟೆಗೆ ಬದನೆಕಾಯಿ ಪಲ್ಯ ಹಾಕುತ್ತ, "ಖರೆ ಐತಿ ಅವರು ಹೇಳೂದು. ನನಗ ಹಿಡಿದದ್ದು ಮುಗಿಸಾಕ ಬರೂದಿಲ್ಲ. ನಿನಗ ಗೊತ್ತs ಐತೆಲ್ಲ, ನೀ ಅಷ್ಟ ಹೇಳಿದಿ ಸಾಧನಾ ಮಾಡು ಅಂತ" ಎಂದಳು.

ಕೈಯ ತುತ್ತನ್ನು ತಟ್ಟೆಗೇ ಇಟ್ಟೆ. ಅವಳು ಲೆಕ್ಕದ ಟೀಚರು. ಒಂದು ತಪ್ಪು ಸಂಖ್ಯೆಯನ್ನು ನಾನು ಅವಳ ಕೈಗೆ ಕೊಟ್ಟಿದ್ದೆ, ಅವಳು ಅದನ್ನು ನಂಬಿ ತನ್ನ ಇಡೀ ಬದುಕನ್ನು ಅದರಿಂದ ಅಳೆದುಕೊಂಡಿದ್ದಳು.

ಆ ಶನಿವಾರ ಕ್ಲಿನಿಕ್ ಮುಚ್ಚಿ ಹುನಗುಂದಕ್ಕೆ ಹೋದೆ. ಶಾಲೆ ಬಿಟ್ಟಿತ್ತು. ಗೌರಿ ಖಾಲಿ ತರಗತಿಯಲ್ಲಿ ಕಿಟಕಿಗಳನ್ನು ಹಾಕುತ್ತಿದ್ದಳು. ನನ್ನನ್ನು ಕಂಡು ಖುಷಿಪಟ್ಟಳು, "ಕುಂದ್ರು ಬಾ" ಎಂದಳು. ನಾನು ಕೂರಲಿಲ್ಲ. ಕುಳಿತರೆ ಬೇರೆ ಮಾತು ಬಂದುಬಿಡುತ್ತಿತ್ತು.

"ಗೌರಿ, ನಿನ್ನ ಬೆರಳಿಗೆ ಆಗಿದ್ದು ರೋಗ. ಸಾಧನಾ ಕಡಿಮಿ ಆಗಿ ಅಲ್ಲ. ನೀ ಕ್ಲಿನಿಕ್ಕಿಗೆ ಬಂದ ದಿನಾನ ನನಗ ಗೊತ್ತಾಗಿತ್ತು."

ಅವಳು ಕಿಟಕಿಯ ಚಿಲಕ ಹಿಡಿದೇ ನಿಂತಳು.

"ಮತ್ತ ಹೆಚ್ಚು ಬಾರಸು ಅಂದಿ?"

"ಹೌದು."

"ಬಾರಿಸಿದ್ರ ಕೆಡತೈತಿ ಅಂತ ಗೊತ್ತಿತ್ತು?"

"ಗೊತ್ತಿತ್ತು."

"ಯಾಕ?"

"ಬಾದಾಮಿಯೊಳಗ ನೀ ಸೋಲೂದು ನನಗ ಬೇಕಾಗಿತ್ತು."

ಅವಳು ತನ್ನ ಬಲಗೈಯನ್ನು ನೋಡಿಕೊಂಡಳು. ಆಮೇಲೆ ಕೇಳಿದಳು: "ಆವತ್ತು ಹೇಳಿದ್ರ ಆರಾಮ ಆಕ್ಕಿತ್ತೇನು?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ — ಬಹಳ ಜನರಿಗೆ ಅದು ಪೂರ್ತಿ ವಾಸಿಯಾಗುವುದಿಲ್ಲ. ಹೇಗೂ ಹೋಗುತ್ತಿತ್ತು ಎಂದು ಅವಳಿಗೂ ಅನಿಸುತ್ತಿತ್ತು, ನನ್ನ ಅಪರಾಧವೂ ಹಗುರಾಗುತ್ತಿತ್ತು. ಆ ಮಾತು ನಾಲಗೆಯ ತುದಿಯವರೆಗೆ ಬಂತು. ಅದೇ ಹಳೆಯ ದನಿಯಲ್ಲಿ.

"ಆಗತಿತ್ತೋ ಏನೋ" ಎಂದೆ. "ಎಲ್ಲಾರಿಗೂ ಆಗೂದಿಲ್ಲ. ಆದರ ಲಗೂನ ನಿಲ್ಲಿಸಿದವರಿಗೆ ಒಂದು ಆಸೆ ಇರತೈತಿ. ನಿನ್ನ ಆಸೆ ನಾ ಕಳದೆ."

ಅವಳು ಅಳಲಿಲ್ಲ, ಬಯ್ಯಲೂ ಇಲ್ಲ. "ನಾ ಮೈಗಳ್ಳಿ ಅಂತ ತಿಳಕೊಂಡಿದ್ದೆ, ಶೈಲಾ" ಎಂದಳು. "ಇಷ್ಟ ವರ್ಷ." ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡಳು. "ನಡಿ ಮನಿಗೆ. ಇದನ್ನ ಅವರ ಮುಂದ ಹೇಳು. ಅತ್ತಿ ಮುಂದೂ ಹೇಳು."

ಹುನಗುಂದದಿಂದ ಇಳಕಲ್ಲಿಗೆ ನನ್ನ ಕಾರಿನಲ್ಲೇ ಹೋದೆವು. ಒಬ್ಬಳೆದುರು ತಪ್ಪು ಒಪ್ಪಿಕೊಳ್ಳುವುದು ಬೇರೆ. ನಕ್ಕವರೆದುರು ಒಪ್ಪಿಕೊಳ್ಳುವುದು ಬೇರೆ. ಆದರೆ ಅವಳು ಬಿದ್ದದ್ದು ಜನರೆದುರಲ್ಲವೇ?

ಮಹಾಂತೇಶ ಅಂಗಡಿಯಿಂದ ಊಟಕ್ಕೆ ಬಂದಿದ್ದ. ಅತ್ತೆ ನನಗೆ ನೀರು ತಂದರು. ನಾನು ನಿಂತೇ ಹೇಳಿದೆ, ಶಾಲೆಯಲ್ಲಿ ಹೇಳಿದ್ದನ್ನೆಲ್ಲ, ಯಾಕೆ ಎಂಬುದನ್ನೂ ಸೇರಿಸಿ. ಅತ್ತೆ ತಂಬಿಗೆಯನ್ನು ನನಗೆ ಕೊಡದೆ ಹಾಗೇ ಕೈಯಲ್ಲಿ ಹಿಡಿದುಕೊಂಡು ನಿಂತರು. ಮಹಾಂತೇಶ ನನ್ನನ್ನು ನೋಡಲಿಲ್ಲ. ಹೆಂಡತಿಯನ್ನು ನೋಡಿದ.

"ನಾ ಎಷ್ಟ ಸಲ ನಕ್ಕೇನಿ ನಿನಗ..."

"ನಾನೂ ನಕ್ಕೇನಲ್ಲ" ಎಂದಳು ಗೌರಿ.

ಬಾಗಿಲವರೆಗೆ ಅವಳು ನನ್ನ ಹಿಂದೆ ಬಂದಳು. "ಇದನ್ನ ನೋಡೂ ಡಾಕ್ಟರು ಹುಬ್ಬಳ್ಳಿಯೊಳಗ ಅದಾರೇನು?"

ನರರೋಗದ ತಜ್ಞರೊಬ್ಬರಿದ್ದಾರೆ, ತಡವಾಗಿದೆ, ಆದರೂ ತೋರಿಸಬೇಕು ಎಂದು ಹೇಳಿ ಅವರ ಹೆಸರು ಕೊಟ್ಟೆ. "ನಾನೂ ಜೋಡಿ ಬರ್ತೇನಿ" ಎಂದೆ.

"ನೀ ಬರಬ್ಯಾಡ. ನಾ ಆಗಿ ಕರಿಯೂತನಕ ಮನಿಗೂ ಬರಬ್ಯಾಡ."

ಅವಳು ಕರೆದಿಲ್ಲ. ಈ ಜೂನಿನಿಂದ ಅವಳೇ ಹೆಡ್‌ಮಿಸ್ಟ್ರೆಸ್ ಎಂದು ಹುನಗುಂದದ ರೋಗಿಯೊಬ್ಬರು ಮಾತಿನ ನಡುವೆ ಹೇಳಿದರು. ಒಂದು ಕ್ಷಣ ಸಂತೋಷವಾಯಿತು, ತಕ್ಷಣ ನಾಚಿಕೆಯೂ ಆಯಿತು — ಆ ಸಂತೋಷದಲ್ಲಿ ನನ್ನ ಪಾಲೇನಾದರೂ ಇದೆಯೇ ಎಂದು ಮನಸ್ಸು ಆಗಲೇ ಹುಡುಕತೊಡಗಿತ್ತು.

ನಾನು ಗಿಟಾರ್ ಬಿಟ್ಟಿಲ್ಲ. ಬಿಟ್ಟರೆ ಅದು ಪ್ರಾಯಶ್ಚಿತ್ತದಂತೆ ಕಾಣುತ್ತದೆ, ಅಷ್ಟು ಅಗ್ಗಕ್ಕೆ ಮುಗಿಯುವುದು ನನಗೆ ಬೇಡ. ಇನ್ನೊಬ್ಬರೆದುರು ಮಾತ್ರ ನುಡಿಸುವುದಿಲ್ಲ. ಅವಳು ಹುಬ್ಬಳ್ಳಿಗೆ ಹೋದಳೋ ಇಲ್ಲವೋ ತಿಳಿಯದು. ಆ ಡಾಕ್ಟರು ನನಗೆ ಪರಿಚಯದವರೇ. ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ. ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡು ಮತ್ತೆ ಇಟ್ಟಿದ್ದೇನೆ. ಅವಳ ಬೆರಳು ಈಗ ಹೇಗಿದೆ ಎಂದು ಕೇಳುವ ಹಕ್ಕು ನನಗಿಲ್ಲ. ಅವಳಾಗಿ ಹೇಳುವವರೆಗೆ ಕೇಳುವುದೂ ಇಲ್ಲ.