ಫ್ಲೆಕ್ಸಿನ ಮೇಲೆ ಭಾವನವರ ಗೆರೆ

ಆಳಂದದ ಬಸ್ ನಿಲ್ದಾಣದ ರಸ್ತೆಯಲ್ಲಿ ನಮ್ಮದೊಂದು ಫ್ಲೆಕ್ಸ್ ಅಂಗಡಿ ಇದೆ. ಹುಟ್ಟುಹಬ್ಬ, ಮದುವೆ, ಶ್ರದ್ಧಾಂಜಲಿ, ತೊಗರಿ ಬೀಜದ ಜಾಹೀರಾತು, ಯಾವುದೇ ಇರಲಿ, ನಮ್ಮ ಮಷೀನು ಸುಖದುಃಖ ನೋಡದೆ ಮುದ್ರಿಸುತ್ತದೆ. ಅದನ್ನು ನಡೆಸುವವಳು ನಾನು. ಗಿರಾಕಿಗಳ ಜೊತೆ ಮಾತಾಡುವವರು ನಮ್ಮ ಮನೆಯವರು. ಅವರಿಗೆ ಮಾತು ಬಹಳ ಚೆನ್ನಾಗಿ ಬರುತ್ತದೆ, ಒಬ್ಬರನ್ನು ಬಿಟ್ಟು ಉಳಿದ ಎಲ್ಲರ ಜೊತೆ.

ಆ ಒಬ್ಬರು ಅವರ ಸ್ವಂತ ಅಣ್ಣ, ನನ್ನ ಭಾವ. ನಮ್ಮ ಅಂಗಡಿಯ ಬೆನ್ನಿಗೇ, ಹಿಂದಿನ ಓಣಿಗೆ ಬಾಗಿಲು ಮಾಡಿಕೊಂಡು, ಅವರ ವೆಲ್ಡಿಂಗ್ ಅಂಗಡಿ. ಮೊದಲು ಇದೆಲ್ಲ ಒಂದೇ ಜಾಗ. ಮಾವನವರು ತೀರಿಕೊಂಡ ಮೇಲೆ ಹಿಸ್ಸೆಯಾಯಿತು. ಹಿರಿಯರು ಬಂದು ಟೇಪು ಹಿಡಿದರು, ನಡುವೆ ಗೋಡೆ ಎದ್ದಿತು. ಗೋಡೆ ತನ್ನ ಪಾಲಿನೊಳಗೆ ಒಂದು ಗೇಣು ಬಂದಿದೆ ಎಂದು ಅಣ್ಣತಮ್ಮ ಇಬ್ಬರೂ ಹೇಳಿದರು. ಒಂದೇ ಗೋಡೆ ಎರಡೂ ಕಡೆ ಹೇಗೆ ಸರಿಯುತ್ತದೆ ಎಂದು ನಾನು ಕೇಳಿದೆ. ಇಬ್ಬರೂ ಕೂಡಿ ನನ್ನ ಮೇಲೆ ಸಿಟ್ಟಾದರು. ಅವರು ಒಮ್ಮತದಿಂದ ಮಾಡಿದ ಕೊನೆಯ ಕೆಲಸ ಅದು.

ನಮ್ಮ ಮಷೀನಿನ ಪ್ರಾಣವಿರುವುದು ಹೆಡ್ಡಿನಲ್ಲಿ. ಅದರೊಳಗೆ ಒಂದು ಬಗೆಯ ಹರಳು ಕೂಡಿಸಿರುತ್ತಾರೆ. ಕರೆಂಟಿನ ಸಣ್ಣ ಪೆಟ್ಟು ಬಿದ್ದರೆ ಹರಳು ಮಿಡುಕುತ್ತದೆ, ಮಿಡುಕಿದರೆ ಕೂದಲಿಗಿಂತ ಸಣ್ಣ ತೂತಿನಿಂದ ಒಂದು ಹನಿ ಶಾಯಿ ಚಿಮ್ಮುತ್ತದೆ. ಪೆಟ್ಟು ಕಂಪ್ಯೂಟರಿನಿಂದಲೇ ಬರಬೇಕು. ಬೇರೆ ಕಡೆಯಿಂದ ಕಳ್ಳ ಕರೆಂಟು ನುಸುಳಿ ಬಂದರೂ ಹರಳಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹೇಳಿದವರ ಮಾತೆಲ್ಲ ಕೇಳುವ ಸ್ವಭಾವ ಅದರದು. ನಮ್ಮ ಮನೆತನದಲ್ಲಿ ಅಂಥದ್ದು ಅದೊಂದೇ.

ಹೀಗೆ ನುಸುಳಿದಾಗಲೆಲ್ಲ ಚಿತ್ರದ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಅಡ್ಡ ಗೆರೆ ಬೀಳುತ್ತಿತ್ತು. ಅಫಜಲಪುರದ ಒಬ್ಬ ಮರಿ ನಾಯಕರ ಹುಟ್ಟುಹಬ್ಬದ ಬ್ಯಾನರಿನಲ್ಲಿ ಸರಿಯಾಗಿ ಮೂಗಿನ ಕೆಳಗೇ ಬಿತ್ತು. ಅವರು ನುಣ್ಣಗೆ ಮೀಸೆ ಬೋಳಿಸಿಕೊಂಡವರು. ಬ್ಯಾನರನ್ನು ಬಹಳ ಹೊತ್ತು ನೋಡಿ, "ಹಿಂಗೂ ಚಲೋ ಕಾಣ್ತೇನಿ. ಆದ್ರ ಮನ್ಯಾಗ ಒಪ್ಪಂಗಿಲ್ರಿ," ಎಂದು ವಾಪಸು ಕೊಟ್ಟರು.

ಮಷೀನಿನ ಕೋಣೆ ಎ.ಸಿ. ಹಾಕಿ ಮುಚ್ಚಿದ್ದು, ಹೊರಗಿನ ಸದ್ದು ಒಳಗೆ ಬರುವುದಿಲ್ಲ. ಆದರೂ ಗೆರೆ ಅಣ್ಣನ ವೆಲ್ಡಿಂಗಿನಿಂದಲೇ ಬರುತ್ತದೆ ಎಂದು ನಮ್ಮ ಮನೆಯವರಿಗೆ ಮೊದಲ ದಿನವೇ ಗುಮಾನಿ. ಮುಂಜಾನೆ ಗೆರೆ ಬಿದ್ದ ತಕ್ಷಣ "ಚಾಲೂ ಮಾಡ್ದ ನೋಡು," ಎನ್ನುವರು. ಬೀಳುವುದು ತಡವಾದರೆ "ಇವತ್ತ ಯಾಕ ಇನ್ನೂ ಎದ್ದಿಲ್ಲ?" ಎನ್ನುವರು. ಮಧ್ಯಾಹ್ನ ಊಟದ ಹೊತ್ತು ಮೀರಿಯೂ ಗೆರೆ ಬೀಳುತ್ತಿದ್ದರೆ, "ಹೊತ್ತಿಗೆ ಸರಿಯಾಗಿ ಉಣ್ಣಂಗಿಲ್ಲ, ಮಗಾ," ಎಂದು ಬೈಯುವರು. ಬೈಗುಳವೆಂದೇ ನಾನೂ ತಿಳಿದಿದ್ದೆ.

ಕೊನೆಗೆ ಸೊಲ್ಲಾಪುರದಿಂದ ಮಷೀನಿನ ಮೆಕ್ಯಾನಿಕ್ ಬಂದ. ಹೆಡ್ಡಿಗೆ ಹೋಗುವ ಪಟ್ಟಿ ಕೇಬಲ್ಲು ದಪ್ಪ ಕರೆಂಟಿನ ವಯರಿನ ಮೈಗೆ ಮೈ ಹಚ್ಚಿಕೊಂಡಿತ್ತು. ಎರಡನ್ನೂ ದೂರ ಮಾಡಿದ. ಕೇಬಲ್ಲಿಗೆ ಲೋಹದ ಹೊದಿಕೆ ಸುತ್ತಿ, ಒಂದು ತುದಿಯನ್ನು ಮಾತ್ರ ಅರ್ಥಿಂಗಿಗೆ ಕಟ್ಟಿದ. ಕಪ್ಪು ಉಂಗುರದಂಥದ್ದೊಂದನ್ನು ತೊಡಿಸಿದ. ಗೆರೆ ತೆಳ್ಳಗಾಯಿತು, ಹೋಗಲಿಲ್ಲ. ಆಮೇಲೆ ಅವನು ಹಸಿರು ಅರ್ಥಿಂಗ್ ವಯರಿನ ಬೆನ್ನು ಹತ್ತಿ ಗೋಡೆಯವರೆಗೆ ಹೋದ. ವಯರು ಗೋಡೆಯೊಳಗೆ ತೂರಿ ಆಚೆ ಹೋಗಿತ್ತು.

"ಅರ್ಥಿಂಗಿನ ಗುಂಡಿ ಎಲ್ಲದ್ರಿ?" ಎಂದು ಕೇಳಿದ.

ಗುಂಡಿ ಮಾವನವರ ಕಾಲದಲ್ಲಿ ಹಿತ್ತಲಲ್ಲಿ ತೋಡಿಸಿದ್ದು. ಹಿತ್ತಲು ಭಾವನವರ ಪಾಲಿಗೆ ಹೋಗಿತ್ತು. ಕೊಡ ಹಂಚಿದ್ದರು, ಕಪಾಟು ಹಂಚಿದ್ದರು, ಕರೆಂಟಿನ ಮೀಟರು ಬೇರೆ ಮಾಡಿದ್ದರು. ನೆಲದೊಳಗಿನ ಗುಂಡಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮೆಕ್ಯಾನಿಕ್ ಹಿಂದಿನ ಓಣಿಗೂ ಹೋಗಿ ಇಣುಕಿ ಬಂದ. ವೆಲ್ಡಿಂಗಿನ ಎರಡನೇ ವಯರನ್ನು, ಕೆಲಸ ಮಾಡುವ ಕಬ್ಬಿಣಕ್ಕೇ ಕ್ಲಾಂಪಿನಿಂದ ಕಟ್ಟುವ ಬದಲು, ಭಾವನವರು ಅಂಗಡಿಯ ಕಂಬಕ್ಕೆ ಸಿಗಿಸಿಬಿಟ್ಟಿದ್ದರು. ಕಂಬದಿಂದ ಅದು ಗುಂಡಿಗೆ, ಗುಂಡಿಯಿಂದ ನಮ್ಮ ಹೆಡ್ಡಿಗೆ. "ಎರಡು ದಾರಿ ಅವ್ರಿ," ಎಂದ. "ಆ ಕ್ಲಾಂಪ್ ಸರಿಯಾಗಿ ಕಟ್ರಿ ಅಂತ ಅವ್ರಿಗಿ ಒಂದು ಮಾತ ಹೇಳ್ರಿ. ಇಲ್ಲಾಂದ್ರ ನಿಮ್ದು ಬ್ಯಾರೆ ಗುಂಡಿ ತೋಡ್ರಿ."

ಈ ಸುದ್ದಿ ಎರಡೂ ಅಂಗಡಿಗೆ ಚಹಾ ಕೊಡುವವನ ಬಾಯಿಂದ ಅಂದೇ ಹಿಂದಿನ ಓಣಿ ಮುಟ್ಟಿತು. ಸಂಜೆಯ ಚಹಾದ ಜೊತೆ ಉತ್ತರವೂ ಬಂತು. "ತಮ್ಮ ಬಂದು ಒಂದು ಮಾತ ಹೇಳ್ಲಿ, ಆಗಿಂದಾಗ ಕಟ್ತೇನಿ ಅಂದಾರ್ರಿ ಅಣ್ಣಾರು."

"ದೊಡ್ಡಾಂವ ಅವ ಇದ್ದಾನ. ಅವನೇ ಬರ್ಲಿ," ಎಂದರು ನಮ್ಮವರು.

"ನಾ ಹೋಗಿ ಹೇಳಿ ಬರ್ತೇನ್ರಿ," ಎಂದೆ.

"ನೀ ಹೋದ್ರ ನಾ ಹೋದಂಗ."

ಒಂದು ಮಾತು ಆಡುವುದಕ್ಕಿಂತ ಕಪ್ಪು ಯರಿ ಭೂಮಿಯಲ್ಲಿ ಆಳುದ್ದ ಅಗೆಯುವುದು ಅವರಿಗೆ ಸುಲಭವೆನಿಸಿತು. ಅಂಗಡಿಯ ಮುಂದೆ ಗುಂಡಿ ತೋಡಿಸಿದರು. ತಾಮ್ರದ ತಗಡು ಇಳಿಸಿ, ಇದ್ದಿಲು, ಉಪ್ಪು ತುಂಬಿಸಿ, ನೀರು ಸುರಿದರು. ಹಳೆಯ ಹಸಿರು ವಯರನ್ನು ಗೋಡೆಯ ಹತ್ತಿರ ತಮ್ಮ ಕೈಯಿಂದಲೇ ಕತ್ತರಿಸಿದರು. ಅಂದಿನಿಂದ ಒಂದೂ ಗೆರೆ ಬೀಳಲಿಲ್ಲ. ಅಫಜಲಪುರದ ನಾಯಕರ ಮುಖ ಬೆಣ್ಣೆಯ ಹಾಗೆ ಬಂತು. ನನಗೆ ಖುಷಿಯಾಯಿತು, ಸುಳ್ಳು ಹೇಳಲಾರೆ.

ನಮ್ಮವರು ಮಾತ್ರ ದಿನಾ ಮುಂಜಾನೆ ಬಂದು ಮಷೀನಿನ ಮುಂದೆ ನಿಲ್ಲುವುದನ್ನು ಬಿಡಲಿಲ್ಲ. ಗಿರಾಕಿ ಕರೆದರೂ ಹೊರಗೆ ಹೋಗರು. ಚೊಕ್ಕ ಬರುತ್ತಿರುವ ಬ್ಯಾನರನ್ನು ಸುಮ್ಮನೆ ನೋಡುವರು. "ಏನ್ ನೋಡಾಕತ್ತೀರಿ?" ಎಂದರೆ "ಏನಿಲ್ಲ" ಎನ್ನುವರು.

ಒಂದು ದಿನ ಜಿಡಗಾದ ಕಡೆಯ ಹಳೆಯ ಗಿರಾಕಿಯೊಬ್ಬರು ಬಂದು, ಕೂತು, ನೀರು ಕುಡಿದು, ಸಹಜವಾಗಿ ಕೇಳಿದರು, "ಅಣ್ಣಾರು ಈಗ ಹ್ಯಾಂಗ ಅದಾರ್ರಿ? ಬಾಯಿ ಬಂತೇನು?"

ನಮ್ಮವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಭಾವನವರಿಗೆ ಲಕ್ವ ಹೊಡೆದು, ಬಲಗೈ ಮತ್ತು ಮಾತು ಬಿದ್ದುಹೋಗಿ, ಹಿಂದಿನ ವಾರವೇ ಸೊಲ್ಲಾಪುರದ ಆಸ್ಪತ್ರೆಗೆ ಒಯ್ದಿದ್ದರಂತೆ. ಚಹಾದವನನ್ನು ಕರೆದು ಕೇಳಿದೆ. ಅವನಿಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಒಡಹುಟ್ಟಿದವರಿಗೆ ಯಾರಾದರೂ ಹೇಳಿಯೇ ಇರುತ್ತಾರೆ ಎಂದುಕೊಂಡು ಯಾರೂ ಹೇಳಿರಲಿಲ್ಲ.

"ಗೆರಿ ಬೀಳ್ತಿದ್ರ ಗೊತ್ತಾಗ್ತಿತ್ತು," ಎಂದರು ನಮ್ಮವರು.

ನನಗೆ ಮೈಯೆಲ್ಲ ಉರಿಯಿತು. "ಗೊತ್ತಾಗಾಕ ಗೆರಿ ಯಾಕ ಬೇಕ್ರಿ? ಹಿಂದ ಬಾಗಿಲ ಇತ್ತು," ಎಂದೆ. ಎಂದ ಮೇಲೆ ಅಳು ಬಂತು. ಮಷೀನು ನಿಲ್ಲಿಸಿ, ಅಂಗಡಿಗೆ ಬೀಗ ಹಾಕಿ, ಇಬ್ಬರೂ ಸೊಲ್ಲಾಪುರದ ಬಸ್ಸು ಹತ್ತಿದೆವು.

ವಾರ್ಡಿನಲ್ಲಿ ನನ್ನ ನೆಗೆಣ್ಣಿ, ಭಾವನವರ ಹೆಂಡತಿ, ಮಂಚದ ಪಕ್ಕ ಕೂತಿದ್ದರು. ನಮ್ಮನ್ನು ಕಂಡು ಎದ್ದು ಸ್ಟೂಲು ಬಿಟ್ಟುಕೊಟ್ಟರು. "ಮಾತಾಡಸ್ರಿ ಮೈದ್ನ. ಕಿವಿ ಕೇಳಸ್ತಾವ. ದಿನಾ ಮಾತಾಡಸ್ರಿ ಅಂದಾರ ಡಾಕ್ಟ್ರು." ಭಾವನವರ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಕಣ್ಣು ಮಾತ್ರ ಎಚ್ಚರವಾಗಿದ್ದವು.

"ಅಣ್ಣಾ," ಎಂದರು ನಮ್ಮವರು. ಗೋಡೆ ಎದ್ದ ಮೇಲೆ ಆಡಿದ ಮೊದಲ ಮಾತು. ಅದಕ್ಕೆ ಉತ್ತರ ಕೊಡುವ ಬಾಯಿ ಈಗ ಇರಲಿಲ್ಲ. ಮುಂದೇನು ಹೇಳಬೇಕೆಂದು ತಿಳಿಯದೆ, ಗಿರಾಕಿಗಳಿಗೆ ಹೇಳುವ ಹಾಗೆ ತೊಗರಿಯ ಧಾರಣೆ ಹೇಳಿದರು. ಅಫಜಲಪುರದ ನಾಯಕರ ಮೀಸೆಯ ಕಥೆ ಹೇಳಿದರು. ಪಕ್ಕದ ಮಂಚದವರು ನಕ್ಕರು. ಭಾವನವರು ನೋಡುತ್ತಲೇ ಇದ್ದರು.

ಆಮೇಲೆ ಅವರು ಎಡಗೈ ಎತ್ತಿ, ಬೆರಳನ್ನು ಚಾದರದ ಮೇಲೆ ಈ ಕಡೆಯಿಂದ ಆ ಕಡೆಗೆ ನೆಟ್ಟಗೆ ಎಳೆದರು. ಎಳೆದು, ತಮ್ಮನ ಮುಖ ನೋಡಿದರು. ನೀರು ಕೇಳುತ್ತಿದ್ದಾರೆಂದು ನೆಗೆಣ್ಣಿ ಲೋಟ ತಂದರು. ಬೇಡವೆಂದು ತಲೆ ಅಲ್ಲಾಡಿಸಿ ಮತ್ತೆ ಹಾಗೇ ಎಳೆದರು.

ನಮ್ಮವರಿಗೆ ತಿಳಿಯಿತು. ನನಗೂ ತಿಳಿಯಿತು.

"ಗೆರಿ ಬೀಳಾಕತ್ತಾವ ಅಣ್ಣಾ," ಎಂದರು ನಮ್ಮವರು. "ಬಾಳ ಬೀಳಾಕತ್ತಾವ. ಗಿರಾಕಿ ಬಯ್ಯಾಕತ್ತಾರ. ನೀ ಬಂದು ಆ ಕ್ಲಾಂಪ್ ಒಂದು ಕಟ್ಟಬೇಕು ನೋಡು."

ಭಾವನವರು ಕಣ್ಣು ಮುಚ್ಚಿ, ಆಯಿತು, ಕಟ್ಟುತ್ತೇನೆ ಎನ್ನುವ ಹಾಗೆ, ತಲೆ ಆಡಿಸಿದರು.