ಬಿಸಿಲನ್ನು ನಂಬದ ಬೋರ್ಡಿನವರು

ನಮ್ಮ ಬೀದಿಯ ಬೋರ್ಡು ಮಾಡುವ ಅಂಗಡಿಯವರು ಯಾರನ್ನೂ ನಂಬುವುದಿಲ್ಲ, ಬಿಸಿಲನ್ನಂತೂ ಸುತರಾಂ ಇಲ್ಲ. ಎಲ್ಲಾದರೂ ಹೊಸ ಬೋರ್ಡು ಕಂಡರೆ ಸಾಕು, ಖೋಟಾ ನೋಟು ಸಿಕ್ಕವರಂತೆ ಉಗುರಿನಿಂದ ಕೆರೆದು ನೋಡುತ್ತಾರೆ. "ಡಿಜಿಟಲ್ ಪ್ರಿಂಟಾ? ಬಣ್ಣ ಬರೀ ಮೇಲ್ಮೇಲೆ ಸ್ವಾಮಿ. ಎರಡು ಬೇಸಿಗೆ ಕಳೀಲಿ, ನಿಮ್ಮಂಗಡಿ ಹೆಸರು ನಿಮಗೇ ಕಾಣಲ್ಲ. ವಿನೈಲ್ ಅಂತ ಪ್ಲಾಸ್ಟಿಕ್ ಹಾಳೆ ಬರುತ್ತೆ, ಅದನ್ನ ಕತ್ತರಿಸಿ ಅಂಟಿಸಿದ್ರೆ ಬಣ್ಣ ಹಾಳೇಲೇ ಬೆರೆತಿರುತ್ತೆ," ಎನ್ನುತ್ತಾರೆ. ಗಿರಾಕಿ ಹೂಂ ಎಂದರೆ ಅದಕ್ಕೂ ಅನುಮಾನ: ಇಷ್ಟು ಬೇಗ ಒಪ್ಪಿದನಲ್ಲ, ಏನೋ ಇದೆ. ಇಂಥವರ ಅಂಗಡಿಯ ಒಳಮೂಲೆಯಲ್ಲಿ, ದಪ್ಪ ಪರದೆಯ ಹಿಂದೆ, ಒಂದೇ ಒಂದು ಡಿಜಿಟಲ್ ಪ್ರಿಂಟ್ ಇದೆ. ತೀರಿಹೋದ ಹೆಂಡತಿಯ ಮುಖ. "ವಿನೈಲಲ್ಲಿ ಅಕ್ಷರ ಬರುತ್ತೆ, ಅವಳ ನಗು ಬರಲಿಲ್ಲ," ಎಂದಿದ್ದರು ಒಮ್ಮೆ. ಹೊತ್ತು ಮುಳುಗಿದ ಮೇಲೆ ಪರದೆ ಸರಿಸಿ ಎದುರು ಕೂರುತ್ತಾರೆ. ದೀಪ ಮಾತ್ರ ಹಾಕುವುದಿಲ್ಲ.