ಮೇಷ್ಟ್ರ ಎಡಗಿವಿ ಮತ್ತು ಹೊನ್ನೆತ್ತಿಯ ಹಕ್ಕಿ

ಬೆಸಗರಹಳ್ಳಿಯ ನಮ್ಮ ಎದುರುಮನೆ ಮೇಷ್ಟ್ರ ಎಡಗಿವಿಯ ಮೇಲೆ ಹೆಡ್‌ಫೋನು ಒತ್ತಿ ಒತ್ತಿ ಕೆಂಪು ಗೆರೆ ಬಿದ್ದಿತ್ತು. ಬಲಗಿವಿ ಎಂದೋ ಕೆಟ್ಟಿತ್ತು. ಎಡಗಿವಿಯೂ ಹೆಚ್ಚು ದಿನ ಇರಲಾರದೆಂದು ಮಂಡ್ಯದ ಡಾಕ್ಟರು ಹೇಳಿದ್ದರು.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿ ನಿವೃತ್ತರಾದವರು, ಕಣ್ಣಾರೆ ಕಾಣದ ಹಕ್ಕಿಯೊಂದರ ಬೆನ್ನು ಹತ್ತಿದ್ದರು. ಮೆಕ್ಸಿಕೊದಿಂದ ಅರ್ಜೆಂಟೀನಾದವರೆಗಿನ ಕಾಡುಗಳ ಉಲಿಯಕ್ಕಿ, ಇಂಗ್ಲಿಷಿನವರ ವಾರ್ಬ್ಲರ್. ನೆತ್ತಿಯ ಮೇಲೆ ಹೊನ್ನಿನ ಪಟ್ಟೆ. ಗುಬ್ಬಿಗಿಂತ ಚಿಕ್ಕದು, ಉಪಜಾತಿಗಳು ಮಾತ್ರ ಡಜನ್ನಿಗೂ ಹೆಚ್ಚು! ಬಿಳಿಹೊಟ್ಟೆಯದನ್ನು ಬಲ್ಲವರು ಮೊದಲು ಬೇರೆ ಜಾತಿ ಎಂದರು, ಆಮೇಲೆ ಇದರದೇ ಉಪಜಾತಿ ಎಂದು ಸೇರಿಸಿಕೊಂಡರು.

“ಅದು ಅಲ್ಲೇ ಕುಂತದೆ ಕಣವ್ವ, ನಾವೇ ಅದ್ರ ಮನೆ ಬದ್ಲಾಯಿಸ್ತಾ ಇರೋದು,” ಎಂದು ನಗುತ್ತಿದ್ದರು.

ಪುಕ್ಕ ನೋಡಿ ಮಾಡಿದ ಗುಂಪುಗಳು ಕೂಗಿಗೂ ಹೊಂದುತ್ತವೆಯೇ ಎಂಬುದು ಅವರ ಪ್ರಶ್ನೆ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಕೂಗುಗಳನ್ನು ಮೂರು ವರ್ಷ ಕೇಳಿ, ಯಾವುದು ಯಾವ ಗುಂಪಿನದೆಂದು ಕಿವಿಯಿಂದಲೇ ಗುರುತಿಸಿ ಚೀಟಿಗಳಲ್ಲಿ ಬರೆದರು. ನಾನು ಅದನ್ನು ಕಂಪ್ಯೂಟರಿಗೆ ಏರಿಸಿ, ಚೀಟಿಗಳನ್ನು ನಮ್ಮ ಹಂಡೆಯ ಒಲೆಗೆ ಹಾಕುತ್ತಿದ್ದೆ.

ಒಂದು ಮಧ್ಯಾಹ್ನ, ಅಚ್ಚುಕಟ್ಟಾಗಿರಲೆಂದು, ಗುಂಪಿನ ಹೆಸರಿದ್ದ ಕಾಲಂ ಒಂದನ್ನೇ ಅಕಾರಾದಿಯಾಗಿ ಜೋಡಿಸಿಬಿಟ್ಟೆ. ಉಳಿದ ಕಾಲಂಗಳು ಕದಲಲಿಲ್ಲ. ಒಂದು ಕೂಗಿನ ಎದುರು ಇನ್ನೊಂದರ ಗುಂಪು ಬಂದು ಕೂತಿತು. ಸೇವ್ ಮಾಡಿ ಮುಚ್ಚಿದ ಮೇಲೆ ತಿಳಿಯಿತು; ನೋಡಿ ಸರಿಪಡಿಸಲು ಚೀಟಿಗಳೂ ಉಳಿದಿರಲಿಲ್ಲ. ಆಮೇಲೆ ಆ ಮನೆ ಕಡೆ ತಲೆ ಹಾಕಲಿಲ್ಲ. ಅವರು ನಮ್ಮ ಗೇಟಿನ ಬಳಿ ಬಂದರೆ ಹಿತ್ತಿಲಿಗೆ ಓಡುತ್ತಿದ್ದೆ.

ಒಂಬತ್ತನೇ ದಿನ ಹೋಗಿ, “ತಪ್ಪಾಗೋಯ್ತು ಸಾ,” ಎಂದು ಎಲ್ಲ ಹೇಳಿದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು.

“ಜೋರಾಗಿ ಏಳವ್ವ.”

ಕೂಗಿ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

“ಯಾವತ್ತು ಮಾಡ್ದೆ?”

“ಒಂಬತ್ತು ದಿನ ಆಯ್ತು ಸಾ.”

“ಆವತ್ತು ನಂಗೆ ಕೇಳ್ತಿತ್ತು ಕಣವ್ವ. ಈಗ ಮೂರು ದಿನದಿಂದ ಕೂಗು ಕೇಳ್ತಾ ಇಲ್ಲ. ಅದ್ನ ಏಳಾನ ಅಂತ್ಲೇ ನಿಮ್ಮ ಗೇಟ್ ತಾವ ಬತ್ತಿದ್ದೆ.”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಹೆಡ್‌ಫೋನನ್ನು ನನ್ನ ತಲೆಗೆ ಹಾಕಿದರು. “ಮೊದ್ಲಿಂದ ನೀ ಕೇಳಿ ಏಳು, ನಾ ಬರ್ಕೋತೀನಿ. ಅನ್ಮಾನ ಇದ್ರೆ ಅನ್ಮಾನ ಅನ್ನು. ಎದ್ರಕೊಂಡು ಮಾತ್ರ ಸುಮ್ನಾಗ್ಬ್ಯಾಡ.”

ಗುಂಪು ಗುರುತಿಸಲು, ಕೂಗಿನ ಕೊನೆಯ ಸಿಳ್ಳೆ ಏರಿತೋ ಇಳಿಯಿತೋ ಎಂದು ನಾನು ಗಾಳಿಯಲ್ಲಿ ಬೆರಳಾಡಿಸಿ ತೋರಿಸುತ್ತಿದ್ದೆ. ಅವರು ಮರುಮಾತಿಲ್ಲದೆ ಬರೆದುಕೊಳ್ಳುತ್ತಿದ್ದರು. ಸರಿಯೋ ತಪ್ಪೋ ನೋಡಲು ಅವರಿಗೆ ಕಿವಿಯೇ ಇರಲಿಲ್ಲ. ಆ ನಂಬಿಕೆಯಷ್ಟು ನನ್ನನ್ನು ಇನ್ನಾವುದೂ ಹೆದರಿಸಿಲ್ಲ.

ಹೊಸ ಪಟ್ಟಿ ಅರ್ಧವಾಗಿದ್ದಾಗ, ಹೋದ ವರ್ಷ, ಮೇಷ್ಟ್ರು ತೀರಿಕೊಂಡರು. ಉಳಿದರ್ಧವನ್ನು ನಾನೇ ಕೇಳಿ ನಾನೇ ಬರೆಯುತ್ತಿದ್ದೇನೆ. ತಪ್ಪಿದರೆ ಹೋಗಿ ಹೇಳಲು ಯಾರೂ ಇಲ್ಲ.